ಕ್ಯಾನ್ವಾಸ್ ಶೂ ಬೆಳೆದ ಬಗೆ

ಕಳೆದ ಮಳೆಗಾಲದ ಒಂದು ಬೆಳಗ್ಗೆ, ಸಾಗರದಲ್ಲಿ ನಾನು ಪಾಠ ಹೇಳುವ ಪ್ರಥಮ ಬಿ.ಎಸ್‌ಸಿ. ತರಗತಿಗೆ ವಿದ್ಯಾರ್ಥಿಯೊಬ್ಬನು ಬಲಗೈಗೆ ಕಟ್ಟು ಹಾಕಿಸಿಕೊಂಡು ಬಂದನು. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗ. ಮನೆಯಂಗಳದ ಕಲ್ಲುಮೆಟ್ಟಿಲಿನ ಮೇಲೆ ಜಾರಿಬಿದ್ದು ಮಣಿಕಟ್ಟಿನ ಮೂಳೆ ಬಿರಿದಿತ್ತು. ಹೇಗೆ ಬಿದ್ದೆಯೆಂದು ಕೇಳಿದಾಗ ಅವನು ಕಾಲೆತ್ತಿ ತನ್ನ ಶೂವಿನ ಅಡಿಯನ್ನು ತೋರಿಸಿದನು.

"ಸಾರ್, ಶೂ ಹೊಸದು. ಅಡಿಯಲ್ಲಿ ನೋಡಿ, ಎಷ್ಟೊಂದು ಗೆರೆ ಇದೆ! ಆದರೂ ಜಾರಿತಲ್ಲ. ನಮ್ಮ ಅಜ್ಜಿ ಅದೇ ಮೆಟ್ಟಿಲ ಮೇಲೆ ದಿನಾ ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗಿ ಬರ್ತಾರೆ, ಅವರು ಒಂದು ದಿನವೂ ಬಿದ್ದಿಲ್ಲ."

ಇದು ಉತ್ತಮವಾದ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಆ ಗೆರೆಗಳು ಶೂವಿನ ಅಡಿಗೆ ಎಲ್ಲಿಂದ ಬಂದವು, ಯಾವ ನೆಲಕ್ಕಾಗಿ ಬಂದವು ಎಂಬುದನ್ನು ಮೊದಲು ತಿಳಿಯಬೇಕು. ಇಂದು ಯುವಕರೆಲ್ಲರೂ ‘ಸ್ನೀಕರ್’ ಎಂದು ಕರೆಯುವ ಈ ಜೋಡಿನ ರೂಪವು ಸುಮಾರು ಇನ್ನೂರು ವರ್ಷಗಳಲ್ಲಿ ಹಂತಹಂತವಾಗಿ ಬೆಳೆದದ್ದು. ಅದರ ಒಂದೊಂದು ಭಾಗವೂ ಯಾವುದೋ ಒಂದು ನೆಲವು ಒಡ್ಡಿದ ಸಮಸ್ಯೆಗೆ ದೊರೆತ ಉತ್ತರ.

ಗಂಧಕ ಸೇರಿದ ರಬ್ಬರು

ನಮ್ಮ ಹಿರಿಯರಿಗೆ ಪಾದರಕ್ಷೆಯೆಂದರೆ ಮರದ ಹಾವುಗೆ, ಇಲ್ಲವೇ ಚರ್ಮದ ಕೆರ. ಎರಡೂ ಒಣನೆಲದ ವಸ್ತುಗಳು. ಮಲೆನಾಡಿನ ಮಳೆಯಲ್ಲಿ ಚರ್ಮವು ನೆನೆದು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಒದ್ದೆಯಾದ ಮರ ಜಾರುತ್ತದೆ. ಆದುದರಿಂದ ಮಳೆಗಾಲದಲ್ಲಿ ಬರಿಗಾಲೇ ಲೇಸೆನಿಸಿತ್ತು. ಬರಿಗಾಲಿನ ಹಿಡಿತವೂ ಸಾಲದೆಡೆಯಲ್ಲಿ, ಅಡಕೆಮರ ಏರುವ ಕೊನೆಗೌಡನು ಎರಡೂ ಪಾದಗಳಿಗೆ ತಳೆ ತೊಟ್ಟು ಮರವನ್ನು ಅಮುಕಿ ಹಿಡಿಯುತ್ತಾನೆ. ಘರ್ಷಣೆಯನ್ನು ಬೇಕಾದಷ್ಟು ಪಡೆಯುವ ಉಪಾಯ ನಮ್ಮ ನಾಡಿನಲ್ಲಿ ಹಳೆಯದೇ.

ಜೋಡಿನ ಚರಿತ್ರೆಯನ್ನು ಬದಲಿಸಿದ್ದು ರಬ್ಬರು. ರಬ್ಬರ್ ಮರಗಳ ತೋಟಗಳು ಇಂದು ನಮ್ಮ ಹೊಸನಗರ, ತೀರ್ಥಹಳ್ಳಿಗಳ ಕಡೆಗೂ ಬಂದಿವೆ. ಮರದ ತೊಗಟೆಯನ್ನು ಗೀರಿದಾಗ ಸುರಿಯುವ ಹಾಲಿನಿಂದ ದೊರೆಯುವ ಕಚ್ಚಾ ರಬ್ಬರು ಬೇಸಗೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಅದರ ಅಣುಗಳು ಬಹು ಉದ್ದನೆಯ ಎಳೆಗಳು. ಒಂದರ ಪಕ್ಕದಲ್ಲಿ ಮತ್ತೊಂದು ಸಡಿಲವಾಗಿ ಹೆಣೆದುಕೊಂಡು ಮಲಗಿರುತ್ತವೆ. ಕಾಯಿಸಿದರೆ ಒಂದು ಇನ್ನೊಂದರ ಮೇಲೆ ಜಾರಿಹೋಗುತ್ತದೆ.

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕವನ್ನು ಬೆರಸಿ ಕಾಯಿಸಿದರೆ ಈ ದೋಷ ನಿವಾರಣೆಯಾಗುವುದೆಂದು ಕಂಡುಕೊಂಡನು; 1844ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದನು. ಗಂಧಕದ ಪರಮಾಣುಗಳು ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಸೇತುವೆಗಳಂತೆ ನಿಲ್ಲುತ್ತವೆ. ಎಳೆದಾಗ ಹಿಗ್ಗಿದ ಎಳೆಗಳನ್ನು ಈ ಸೇತುವೆಗಳು ಮರಳಿ ಸ್ವಸ್ಥಾನಕ್ಕೆ ತರುತ್ತವೆ. ಈ ಕ್ರಿಯೆಗೆ ವಲ್ಕನೀಕರಣವೆಂದು ಹೆಸರು. ಸ್ನೀಕರ್ ಹುಟ್ಟಿದ್ದು ಇಲ್ಲಿ.

ಹಡಗಿನ ಗೆರೆ, ಸದ್ದಿಲ್ಲದ ಹೆಜ್ಜೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಡಲತೀರದ ವಿಹಾರಕ್ಕೆಂದು ಕ್ಯಾನ್ವಾಸ್ ಬಟ್ಟೆಯ ಮೇಲ್ಭಾಗವೂ ರಬ್ಬರಿನ ಅಡಿಯೂ ಉಳ್ಳ ಹಗುರವಾದ ಜೋಡು ಬಳಕೆಗೆ ಬಂದಿತು. ಬಟ್ಟೆಯೂ ರಬ್ಬರೂ ಕೂಡುವ ಕಡೆ ಬಿಚ್ಚಿಹೋಗದಂತೆ ಸುತ್ತಲೂ ರಬ್ಬರಿನ ಪಟ್ಟಿಯೊಂದನ್ನು ಹೊದಿಸಿದರು. ಆಗ ಸರಕು ಹಡಗುಗಳ ಪಾರ್ಶ್ವದಲ್ಲಿ ಗೆರೆ ಬರೆಯುವ ಕಾನೂನು ಹೊಸದಾಗಿ ಬಂದಿತ್ತು. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಪಾರ್ಲಿಮೆಂಟ್ ಸದಸ್ಯನ ಹೋರಾಟದ ಫಲವಾಗಿ 1876ರಲ್ಲಿ ಬಂದ ಕಾನೂನು ಅದು. ನೀರು ಆ ಗೆರೆಯನ್ನು ಮೀರಿದರೆ ಹಡಗಿಗೆ ಭಾರ ಹೆಚ್ಚಾಯಿತೆಂದು ಅರ್ಥ. ಶೂವಿನ ಪಟ್ಟಿಯನ್ನು ನೀರು ಮೀರಿದರೆ ಕಾಲು ಒದ್ದೆಯಾಯಿತೆಂದು ಅರ್ಥ! ಈ ಹೋಲಿಕೆಯಿಂದ ಆ ಶೂವಿಗೂ ‘ಪ್ಲಿಮ್‌ಸಾಲ್’ ಎಂಬ ಹೆಸರೇ ಬಿದ್ದಿತು.

‘ಸ್ನೀಕರ್’ ಎಂಬುದು ಅಮೆರಿಕದವರು ಇಟ್ಟ ಹೆಸರು. ಸದ್ದಿಲ್ಲದೆ ಮೆಲ್ಲನೆ ನುಸುಳುವವನು ಎಂದು ಅದರ ಭಾವ. ಚರ್ಮದ ಗಟ್ಟಿ ಅಟ್ಟೆಯು ನೆಲಕ್ಕೆ ಬಡಿದು ಟಕಟಕನೆ ಸದ್ದು ಮಾಡಿದರೆ, ರಬ್ಬರು ತಾನೇ ಬಾಗಿ ಬಡಿತದ ಶಕ್ತಿಯ ಒಂದಂಶವನ್ನು ಹೀರಿಕೊಳ್ಳುತ್ತದೆ.

1917ರಲ್ಲಿ ಅಲ್ಲಿನ ಕಾನ್ವರ್ಸ್ ಸಂಸ್ಥೆಯು ಬ್ಯಾಸ್ಕೆಟ್‌ಬಾಲ್ ಆಟಕ್ಕಾಗಿ ಹೊರತಂದ ಶೂ ಮುಂದೆ ‘ಆಲ್ ಸ್ಟಾರ್’ ಎಂದು ಪ್ರಸಿದ್ಧವಾಯಿತು. ಅದು ಒಳಾಂಗಣದ ನಯವಾದ ಮರದ ನೆಲಕ್ಕೆ ಕೊಟ್ಟ ಉತ್ತರ. ಕಾಲಗಂಟನ್ನು ಮುಚ್ಚುವ ಎತ್ತರದ ಬಟ್ಟೆ, ಬೆರಳಿನ ಮುಂದೆ ರಬ್ಬರಿನ ಟೊಪ್ಪಿಗೆ, ಒಳಮಗ್ಗುಲಲ್ಲಿ ಗಾಳಿಯಾಡಲು ಎರಡು ತೂತು, ಅಡಿಯಲ್ಲಿ ಹಿಡಿತಕ್ಕಾಗಿ ಒತ್ತಿದ ಅಚ್ಚು. ಇವಿಷ್ಟೂ ಆಟದ ಅಗತ್ಯಗಳಿಂದ ಮೂಡಿದವು. ಇಂದು ಆಟಗಾರರು ಅದನ್ನು ಕೈಬಿಟ್ಟಿದ್ದಾರೆ. ಬೀದಿಯಲ್ಲಿ ಅದು ಅದೇ ರೂಪದಲ್ಲಿ ಉಳಿದಿದೆ.

ನಮ್ಮ ಶಾಲೆಯ ಮೈದಾನ

ನಮ್ಮ ದೇಶದ ಮಟ್ಟಿಗೆ ಈ ಕಥೆಯ ನಾಯಕನೆಂದರೆ ಬಾಟಾದ ಟೆನ್ನಿಸ್ ಶೂ. ತೊಮಾಶ್ ಬಾಟಾ ಇಂದಿನ ಝೆಕ್ ದೇಶದ ಜ್ಲೀನ್ ಪಟ್ಟಣದಲ್ಲಿ 1894ರಲ್ಲಿ ಆರಂಭಿಸಿದ ಸಂಸ್ಥೆಯು 1931ರಲ್ಲಿ ಭಾರತಕ್ಕೆ ಬಂದು, ಕಲಕತ್ತೆಯ ಬಳಿ ನೆಲೆನಿಂತಿತು. ಅಲ್ಲಿ ಬಾಟಾನಗರವೆಂಬ ಊರೇ ಬೆಳೆಯಿತು. 1936ರಲ್ಲಿ ಭಾರತದ ಶಾಲಾಮಕ್ಕಳ ವ್ಯಾಯಾಮದ ತರಗತಿಗೆಂದು ಈ ಶೂವನ್ನು ರೂಪಿಸಿದರು. ಹೆಸರು ಟೆನ್ನಿಸಿನದಾದರೂ ಅದನ್ನು ಧರಿಸಿದವರಲ್ಲಿ ಟೆನ್ನಿಸ್ ದಾಂಡನ್ನು ಕಣ್ಣಿನಿಂದ ಕಂಡವರೇ ವಿರಳ. ಸ್ವಾತಂತ್ರ್ಯ ದಿನದ ಕವಾಯತಿಗೆ ಬಿಳಿಯ ಕ್ಯಾನ್ವಾಸ್ ಶೂ ತೊಡಬೇಕಾಗಿ, ಹಿಂದಿನ ರಾತ್ರಿ ಅದಕ್ಕೆ ಸೀಮೆಸುಣ್ಣ ತಿಕ್ಕಿ, ಮರುದಿನ ಮೊದಲ ಮಳೆಹನಿಗೇ ಸುಣ್ಣವೆಲ್ಲ ಕರಗಿ ಹರಿದದ್ದನ್ನು ಕಂಡವರು ಮಲೆನಾಡಿನಲ್ಲಿ ಬಹಳ ಮಂದಿ ಇದ್ದಾರೆ.

ಈ ಜಾತಿಯ ಶೂಗಳನ್ನು ತಯಾರಿಸುವ ಕ್ರಮ ಸ್ವಾರಸ್ಯವಾದದ್ದು. ಪಾದದಾಕಾರದ ಅಚ್ಚಿನ ಮೇಲೆ ಕ್ಯಾನ್ವಾಸನ್ನು ಎಳೆದು ಕೂರಿಸುತ್ತಾರೆ. ಕೆಳಗೆ ಇನ್ನೂ ಬೇಯದ ಮೆತ್ತನೆಯ ರಬ್ಬರಿನ ಅಡಿಯನ್ನು ಅಂಟಿಸಿ, ಸುತ್ತ ರಬ್ಬರಿನ ಪಟ್ಟಿಯನ್ನು ಒತ್ತುತ್ತಾರೆ. ಅನಂತರ ಸಾಲುಸಾಲು ಶೂಗಳನ್ನು ಒಂದು ಭಾರಿ ಪಾತ್ರೆಯೊಳಗಿಟ್ಟು, ಒತ್ತಡದಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುತ್ತಾರೆ. ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರನ್ನು ಕೋಣೆಯಷ್ಟು ದೊಡ್ಡದು ಮಾಡಿದಂತೆ. ಅಡಿ, ಪಟ್ಟಿ, ಬಟ್ಟೆಯ ಎಳೆಗಳ ಸಂದಿಗೆ ಇಳಿದ ರಬ್ಬರು ಎಲ್ಲವೂ ಕೂಡಿ ಒಂದೇ ವಸ್ತುವಾಗುತ್ತದೆ. ಹೊಲಿಗೆಯಿಲ್ಲ, ಮೊಳೆಯಿಲ್ಲ, ಆದುದರಿಂದ ಬೆಲೆಯೂ ಕಡಿಮೆ.

ಆದರೆ ಈ ಶೂ ಉದ್ದೇಶಿಸಿದ್ದು ಒಣಮಣ್ಣಿನ ಮೈದಾನವನ್ನು. ಆಗುಂಬೆಯು ತೀರ್ಥಹಳ್ಳಿ ತಾಲ್ಲೂಕಿನದು. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ನಾಡಿನಲ್ಲಿ ಕ್ಯಾನ್ವಾಸು ಬೆಳಗ್ಗೆ ನೆನೆದರೆ ಮರುದಿನವೂ ಒಣಗದು. ಉಂಬಳವು ಶೂವಿನ ಬಾಯಿಂದ ಒಳಸೇರಿ, ಬಿಳಿಯ ಕಾಲುಚೀಲ ಕೆಂಪಾದಾಗಲೇ ಅದರ ಇರವು ತಿಳಿಯುವುದು.

ನಾಯಿಯ ಪಾದ ಕಲಿಸಿದ ಪಾಠ

ಒದ್ದೆ ನೆಲದ ಸಮಸ್ಯೆಯನ್ನು ಎದುರಿಸಿದವನು ಅಮೆರಿಕದ ಪಾಲ್ ಸ್ಪೆರಿ. ಹಾಯಿದೋಣಿಯ ಹವ್ಯಾಸವಿದ್ದ ಈತನು ದೋಣಿಯ ಒದ್ದೆ ಅಟ್ಟದ ಮೇಲೆ ಜಾರಿಬಿದ್ದಿದ್ದನು. ಒಮ್ಮೆ ಚಳಿಗಾಲದಲ್ಲಿ ತನ್ನ ನಾಯಿಯು ಹಿಮದ ಮೇಲೆ ಸರಾಗವಾಗಿ ಓಡುವುದನ್ನು ಕಂಡು ಅದರ ಪಾದವನ್ನು ಎತ್ತಿ ನೋಡಿದನು. ಅಂಗಾಲಿನ ತುಂಬ ಸಣ್ಣಸಣ್ಣ ಸೀಳುಗಳಿದ್ದವು. ರಬ್ಬರಿನ ಅಡಿಯಲ್ಲಿ ಅಂಥವೇ ಸೀಳುಗಳನ್ನು ಕೊಯ್ದು 1935ರಲ್ಲಿ ಹೊಸ ಬಗೆಯ ಶೂವನ್ನು ಮಾರಾಟಕ್ಕೆ ತಂದನು.

ಸೀಳಿನಿಂದ ಹಿಡಿತ ಹೆಚ್ಚುವುದೇಕೆ? ಒಣನೆಲದ ಮೇಲೆ ರಬ್ಬರು ನೆಲದ ಉಬ್ಬುತಗ್ಗುಗಳಿಗೆ ಒಗ್ಗಿಕೊಂಡು ಕುಳಿತು ಹಿಡಿಯುತ್ತದೆ. ನಡುವೆ ನೀರಿನ ಪೊರೆಯಿದ್ದರೆ ರಬ್ಬರಿಗೆ ನೆಲವೇ ಸಿಕ್ಕುವುದಿಲ್ಲ. ಅದು ನೀರಿನ ಮೇಲೆ ತೇಲುತ್ತದೆ. ಹಿಮ್ಮಡಿ ಊರಿದ ಬಳಿಕ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅವಧಿಯೊಳಗೆ ಆ ನೀರು ಪಕ್ಕಕ್ಕೆ ಸರಿಯಬೇಕು. ತಡವಾದರೆ ಕಾಲು ಹೋಯಿತೆಂದೇ ತಿಳಿಯಿರಿ.

ಎರಡು ಚಪ್ಪಟೆ ತಟ್ಟೆಗಳ ನಡುವಿನ ದ್ರವ ಹೊರಹೋಗಲು ಎಷ್ಟು ಕಾಲ ಬೇಕೆಂಬುದನ್ನು ಜೋಸೆಫ್ ಸ್ಟೆಫಾನ್ 1874ರಲ್ಲಿ ಲೆಕ್ಕ ಹಾಕಿದ್ದನು. ಉಷ್ಣ ವಿಕಿರಣದ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಸ್ಟೆಫಾನ್ ಇವನೇ. ಅವನ ಸೂತ್ರದಂತೆ, ಒತ್ತಡ ಒಂದೇ ಆಗಿದ್ದರೆ ಈ ಕಾಲವು ತಟ್ಟೆಯ ಅಗಲದ ವರ್ಗಕ್ಕೆ ಅನುಪಾತವಾಗಿರುತ್ತದೆ. ಎಂಟು ಸೆಂಟಿಮೀಟರ್ ಅಗಲದ ನುಣ್ಣನೆಯ ಅಡಿಯನ್ನು ಎಂಟು ಮಿಲಿಮೀಟರ್ ಅಗಲದ ತುಂಡುಗಳಾಗಿ ಸೀಳಿದೆವೆನ್ನಿ. ಅಗಲ ಹತ್ತನೆಯ ಒಂದಾಯಿತು; ನೀರು ಹೊರಹೋಗುವ ಕಾಲ ನೂರನೆಯ ಒಂದಾಯಿತು! ನೀರು ದೂರ ಹೋಗಬೇಕಾಗಿಲ್ಲ, ಪಕ್ಕದ ಕಾಲುವೆಗೆ ಇಳಿದರೆ ಸಾಕು. ಅಡಕೆ ತೋಟದಲ್ಲಿ ಬಸಿಗಾಲುವೆ ತೋಡುವವರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ.

ಸೂತ್ರದಲ್ಲಿ ಇನ್ನೊಂದು ಅಂಶವುಂಟು: ಈ ಕಾಲವು ದ್ರವದ ಸ್ನಿಗ್ಧತೆಗೂ ಅನುಪಾತವಾಗಿದೆ. ಇದನ್ನು ನೆನಪಿಡಿ, ಹುಡುಗನ ಮೆಟ್ಟಿಲಿಗೆ ಮರಳಿದಾಗ ಬೇಕಾಗುತ್ತದೆ.

ಕಾವಲಿಯ ಅಚ್ಚು, ಸಿಕ್ಕಿಬಿದ್ದ ಅನಿಲ

1971ರಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ ಬಿಲ್ ಬೊವರ್‌ಮನ್ ಎಂಬ ಓಟದ ತರಬೇತುದಾರನಿಗೆ ಹೊಸದೊಂದು ನೆಲ ಎದುರಾಯಿತು. ಓಟದ ಹಾದಿಗಳಲ್ಲಿ ಕಿಟ್ಟದ ಪುಡಿಯ ಬದಲಿಗೆ ಕೃತಕ ಹಾಸು ಬರತೊಡಗಿತ್ತು. ಮೊಳೆಗಳಿಲ್ಲದೆಯೇ ಅದನ್ನು ಹಿಡಿಯುವ ಹಗುರವಾದ ಅಡಿ ಬೇಕಾಗಿತ್ತು. ಅವನ ಮನೆಯಲ್ಲಿ ವಾಫಲ್ ಎಂಬ ತಿಂಡಿಯನ್ನು ಬೇಯಿಸುವ, ಚೌಕಚೌಕ ಗುಣಿಗಳುಳ್ಳ ಅಚ್ಚು ಇತ್ತು. ನಮ್ಮ ಪಡ್ಡಿನ ಕಾವಲಿಯ ದೂರದ ನಂಟನೆನ್ನಬಹುದು. ಅದರೊಳಗೆ ಅವನು ದ್ರವರೂಪದ ಯೂರಿಥೇನನ್ನು ಸುರಿದನು. ಹೆಂಡತಿಯ ಅಚ್ಚು ಅಂಟಿಕೊಂಡು ಹಾಳಾಯಿತು. ಆದರೆ ಕಲ್ಪನೆ ಗೆದ್ದಿತು. ಗುಬ್ಬಿಗುಬ್ಬಿಯಾದ ಈ ಅಡಿಗೆ 1974ರಲ್ಲಿ ಹಕ್ಕುಪತ್ರ ದೊರೆತು, ನೈಕಿ ಶೂಗಳಿಗೆ ಹೆಸರು ತಂದಿತು.

ಅದೇ ದಶಕದಲ್ಲಿ ಅಡಿಗೂ ಪಾದಕ್ಕೂ ನಡುವೆ ನೊರೆಯ ಮೆತ್ತೆ ಸೇರಿತು. ಐದು ಸೆಂಟಿಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರು. ಅದನ್ನು ಎರಡು ಮಿಲಿಮೀಟರಿನೊಳಗೆ ತಡೆದರೆ ಆಗುವ ವೇಗನಷ್ಟದ ದರ ಗುರುತ್ವದ 25ರಷ್ಟು. ಹತ್ತು ಮಿಲಿಮೀಟರಿನಲ್ಲಿ ತಡೆದರೆ ಐದರಷ್ಟು. ಬೀಳುವ ಕಾಯಿಯನ್ನು ಅಂಗೈ ಹಿಂದೆಳೆದು ಹಿಡಿಯುವ ನೀತಿಯೇ ಇದು.

ನೊರೆಯ ಬದಲು ಅನಿಲವನ್ನೇ ಚೀಲದಲ್ಲಿ ತುಂಬಿದರೆ? ವಿಮಾನ ಮತ್ತು ಅಂತರಿಕ್ಷ ಉದ್ಯಮದಲ್ಲಿ ಎಂಜಿನಿಯರಾಗಿದ್ದ ಫ್ರಾಂಕ್ ರೂಡಿಯ ಈ ಯೋಚನೆ 1970ರ ದಶಕದ ಕೊನೆಗೆ ಶೂವಾಗಿ ಹೊರಬಂದಿತು. 1987ರಲ್ಲಿ ಟಿಂಕರ್ ಹ್ಯಾಟ್‌ಫೀಲ್ಡ್ ಎಂಬ ವಿನ್ಯಾಸಕನು ಹಿಮ್ಮಡಿಯಲ್ಲಿ ಕಿಟಕಿಯೊಂದನ್ನು ತೆರೆದು ಆ ಚೀಲ ಹೊರಗೆ ಕಾಣುವಂತೆ ಮಾಡಿದನು. ಕೊಳವೆಗಳನ್ನೆಲ್ಲ ಹೊರಗೋಡೆಯಲ್ಲೇ ತೋರಿಸುವ ಪ್ಯಾರಿಸ್ಸಿನ ಪಾಂಪಿಡೂ ಕಟ್ಟಡವು ಅವನಿಗೆ ಸ್ಫೂರ್ತಿಯಾಗಿತ್ತು. ‘ಏರ್ ಮ್ಯಾಕ್ಸ್’ ಎಂಬ ಆ ಸಾಲಿನ ಶೂಗಳು ಇಂದಿಗೂ ಹೊಸಹೊಸ ರೂಪದಲ್ಲಿ ಬರುತ್ತಿವೆ. ಹೆಸರು ಗಾಳಿಯದಾದರೂ ಬಹುಕಾಲ ಒಳಗಿದ್ದದ್ದು ಗಾಳಿಯಲ್ಲ, ಸಲ್ಫರ್ ಹೆಕ್ಸಾಫ್ಲೋರೈಡ್. ಅದರ ಅಣು ದೊಡ್ಡದಾದ್ದರಿಂದ ಪೊರೆಯ ಮೂಲಕ ಸುಲಭವಾಗಿ ಸೋರದು. ಆದರೆ ಭೂಮಿಯ ವಾಯುಮಂಡಲವನ್ನು ಕಾಯಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲು. ಆದುದರಿಂದ ಪದರಪದರವಾದ ಉತ್ತಮ ಪೊರೆಗಳನ್ನು ರೂಪಿಸಿ, 2006ರ ವೇಳೆಗೆ ಅದರ ಸ್ಥಾನದಲ್ಲಿ ಸಾರಜನಕವನ್ನು ತುಂಬುವಂತಾಯಿತು.

ಅಟ್ಟದ ಮೇಲಿನ ಜೋಡು

ಮಲೆನಾಡಿನ ಹವೆಯು ಈ ಮೆತ್ತೆಗಳನ್ನು ಬೇರೊಂದು ಬಗೆಯಲ್ಲಿ ಪರೀಕ್ಷಿಸುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ದುಬಾರಿಯಾದ ಶೂ ಒಂದನ್ನು ಕೊಂಡು, ಹಾಳಾದೀತೆಂದು ಹೆಚ್ಚು ತೊಡದೆ, ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಆರು ಮಳೆಗಾಲ ಕಳೆದ ಮೇಲೆ ತಂಗಿಯ ಮದುವೆಗೆಂದು ತೆಗೆದು ತೊಟ್ಟರೆ, ಚಪ್ಪರದಡಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಡಿಯ ಮೆತ್ತೆ ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರಿತು.

ಇದಕ್ಕೆ ಕಾರಣ ಜಲವಿಭಜನೆ. ಕೆಲವು ಬಗೆಯ ಪಾಲಿಯೂರಿಥೇನ್ ನೊರೆಗಳಲ್ಲಿ ಅಣುವಿನ ಉದ್ದನೆಯ ಎಳೆಯುದ್ದಕ್ಕೂ ಎಸ್ಟರ್ ಬಂಧಗಳಿರುತ್ತವೆ. ಗಾಳಿಯ ತೇವವು ನೊರೆಯೊಳಗೆ ಇಳಿದು ಆ ಬಂಧಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಎಳೆ ತುಂಡಾದಂತೆಲ್ಲ ಬಲ ಕುಂದುತ್ತದೆ. ಸೆಖೆಯೂ ತೇವವೂ ಕೂಡಿದಲ್ಲಿ ಕ್ರಿಯೆ ಶೀಘ್ರವಾಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಒಳಗಿನ ತೇವ ತನ್ನ ಕೆಲಸ ಬಿಡದು. ಈಥರ್ ಬಂಧಗಳ ಪಾಲಿಯೂರಿಥೇನ್ ಇದನ್ನು ಹೆಚ್ಚು ತಡೆದುಕೊಳ್ಳುತ್ತದೆ. ಇಂದಿನ ಅನೇಕ ಶೂಗಳಲ್ಲಿರುವ ಇ.ವಿ.ಎ. ಎಂಬ ನೊರೆಗೂ ಈ ರೋಗ ಇಷ್ಟಾಗಿ ತಗಲದು. ನೊರೆಯ ಮೆತ್ತೆಯೇ ಇಲ್ಲದ ಹಳೆಯ ಕ್ಯಾನ್ವಾಸ್ ಶೂವಿನ ರಬ್ಬರು ಬಿರುಸಾಗಬಹುದು, ಬಿರುಕು ಬಿಡಬಹುದು. ಹೀಗೆ ಒಂದೇ ದಿನದಲ್ಲಿ ಪುಡಿಯಾಗಿ ಮರ್ಯಾದೆ ಕಳೆಯುವುದಿಲ್ಲ. ಬಳಸಲೆಂದು ಕೊಂಡದ್ದನ್ನು ಬಳಸುವುದೇ ಮೇಲು.

ಮೆಟ್ಟಿಲಿಗೆ ಮರಳೋಣ

ಹೀಗೆ ಮರದ ಅಂಗಣ, ಶಾಲೆಯ ಮೈದಾನ, ದೋಣಿಯ ಅಟ್ಟ, ಓಟದ ಹಾದಿ, ಒಂದೊಂದೂ ಶೂವಿನ ಮೇಲೆ ತನ್ನ ಗುರುತನ್ನು ಬಿಟ್ಟುಹೋಯಿತು. ಶೂ ಆಟದಿಂದ ಬೀದಿಗೆ ಬಂದಮೇಲೆ ಗುರುತು ಉಳಿಯಿತು, ಕಾರಣ ಮರೆತುಹೋಯಿತು. ಬಾಟಾದ ಟೆನ್ನಿಸ್ ಶೂ ಕೂಡ 2010ರ ದಶಕದಲ್ಲಿ ಷೋಕಿಯ ವಸ್ತುವಾಗಿ ಮರಳಿ ಬಂದಿದೆ. ಗೆರೆಗಳು ಎಷ್ಟೋ ವೇಳೆ ಈಗ ನೋಟಕ್ಕೆ ಮಾತ್ರ.

ನಮ್ಮ ವಿದ್ಯಾರ್ಥಿಯ ಶೂವನ್ನು ಪ್ರಯೋಗಶಾಲೆಗೆ ತರಿಸಿ ನೋಡಿದೆವು. ಗೆರೆಗಳು ಬಹಳವಿದ್ದವು, ಆದರೆ ಅಂಚಿನವರೆಗೆ ಹೋಗಿರಲಿಲ್ಲ. ಸುತ್ತಲೂ ಒಂದು ದಿಂಡು. ಕಾಲುವೆ ತೋಡಿ ಬಾಯಿ ಕಟ್ಟಿದಂತೆ! ನೀರಿಗೆ ಹೊರದಾರಿಯಿಲ್ಲ.

ಇಂಥ ಪರೀಕ್ಷೆಯನ್ನು ನೀವೂ ಮಾಡಬಹುದು. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಶೂವನ್ನಿಟ್ಟು ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಶೂ ಜಾರತೊಡಗಿದಾಗಿನ ಎತ್ತರವನ್ನು ಕೆಳಗಿನ ಅಡ್ಡಳತೆಯಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕ ಸಿಕ್ಕುತ್ತದೆ. ಒಣಹಲಗೆಯಲ್ಲಿ ಎತ್ತರ 60 ಸೆಂಟಿಮೀಟರ್ ಆದರೆ ಅಡ್ಡಳತೆ 80, ಗುಣಾಂಕ 0.75. ಒದ್ದೆ ಹಲಗೆಯಲ್ಲಿ ಎತ್ತರ 28 ಆದರೆ ಅಡ್ಡಳತೆ 96, ಗುಣಾಂಕ 0.29. ಸಮನೆಲದಲ್ಲಿ ಸಾಮಾನ್ಯ ನಡಿಗೆಗೆ ಸುಮಾರು 0.2 ಬೇಕು. ಹತ್ತಕ್ಕೆ ಒಂದರ ಇಳಿಜಾರಾದರೆ ಇನ್ನೂ 0.1 ಸೇರುತ್ತದೆ. ಆಗ 0.29 ಸಾಲದು.

ಇನ್ನು ಮೆಟ್ಟಿಲು. ಅದರ ಮೇಲಿದ್ದದ್ದು ಬರಿಯ ನೀರಲ್ಲ, ಹಾವಸೆ. ಹಾವಸೆಯ ಲೋಳೆಯ ಸ್ನಿಗ್ಧತೆ ನೀರಿಗಿಂತ ಬಹಳ ಹೆಚ್ಚು. ಸ್ಟೆಫಾನನ ಸೂತ್ರದಂತೆ ಅದು ಹೊರಹೋಗಲು ಅಷ್ಟೇ ಹೆಚ್ಚು ಕಾಲ ಬೇಕು, ಹೆಜ್ಜೆ ಅಷ್ಟು ಕಾಯುವುದಿಲ್ಲ. ಮೇಲಾಗಿ, ಶೂ ಹಾವಸೆಯನ್ನು ಗಟ್ಟಿಯಾಗಿ ಹಿಡಿದರೂ ಹಾವಸೆ ಕಲ್ಲನ್ನು ಹಿಡಿದಿರಬೇಕಲ್ಲವೆ? ಅದು ಪದರವಾಗಿ ಕಿತ್ತುಬಂದರೆ ಅತ್ಯುತ್ತಮವಾದ ಶೂ ಕೂಡ ಹಾವಸೆಯನ್ನು ಹೊತ್ತುಕೊಂಡೇ ಜಾರುತ್ತದೆ.

ಹಾಗಾದರೆ ಅಜ್ಜಿ ಬೀಳದಿರುವುದು ಹೇಗೆ? ಅವರ ಹೆಜ್ಜೆ ಚಿಕ್ಕದು. ಸೊಂಟದ ಎತ್ತರ 90 ಸೆಂಟಿಮೀಟರ್ ಇದ್ದು ಪಾದವನ್ನು 18 ಸೆಂಟಿಮೀಟರ್ ಮುಂದೆ ಊರಿದರೆ, ಸ್ಥೂಲವಾಗಿ ಬೇಕಾದ ಗುಣಾಂಕ 0.2, ಒಂಬತ್ತೇ ಸೆಂಟಿಮೀಟರ್ ಮುಂದೆ ಊರಿದರೆ 0.1 ಸಾಕು. ಅವರು ಹಿಮ್ಮಡಿ ಮೊದಲು ಬಡಿಯದೆ ಇಡೀ ಪಾದವನ್ನು ಮೆಲ್ಲನೆ ಊರುತ್ತಾರೆ. ಲೋಳೆ ಸರಿಯಲು ಕಾಲ ಕೊಡುತ್ತಾರೆ. ಕಾಲು ಕದಲಿದರೆ ಅಂಗಾಲಿನ ಚರ್ಮಕ್ಕೆ ಒಡನೆಯೇ ತಿಳಿಯುತ್ತದೆ. ದಪ್ಪ ಮೆತ್ತೆಯ ಮೇಲೆ ನಿಂತ ಮೊಮ್ಮಗನಿಗೆ ಆ ಸುದ್ದಿ ತಲುಪುವುದು ಬಿದ್ದ ಮೇಲೆ.

ಲೆಕ್ಕವೆಲ್ಲ ಮುಗಿದ ಮೇಲೆ ಆ ಹುಡುಗ, "ಹಾಗಾದರೆ ಯಾವ ಶೂ ಕೊಳ್ಳಲಿ ಸಾರ್?" ಎಂದು ಕೇಳಿದನು. ಗೆರೆಗಳು ಅಂಚಿನವರೆಗೆ ತೆರೆದಿರುವುದನ್ನು, ಅಡಿ ಮೆದುವಾದ ರಬ್ಬರಿನದಾಗಿರುವುದನ್ನು ನೋಡಿ ಕೊಳ್ಳೆಂದು ಹೇಳಿದೆನು. ಮೆಟ್ಟಿಲಿಗೆ ಮಾತ್ರ ಶೂ ಮದ್ದಲ್ಲವೆಂದೂ ಹೇಳಿದೆನು. ಕೈಯ ಕಟ್ಟು ಬಿಚ್ಚಿದ ವಾರ ಅವನು ಮೆಟ್ಟಿಲಿನ ಹಾವಸೆಯನ್ನು ಕೆರೆದು ತೆಗೆದು, ಅಂಗಳದುದ್ದಕ್ಕೂ ಅಡಕೆ ದಬ್ಬೆಯನ್ನು ಹಾಸಿದನಂತೆ. ಅಜ್ಜಿ ಇದನ್ನು ಮಳೆಗಾಲದ ಮೊದಲೇ ಹೇಳಿದ್ದರಂತೆ.